ಯೆಜ್ಡಿಗೆ ಟ್ಯಾಪೆಟ್ಟೇ ಇಲ್ಲ, ಮತ್ತೆ ಆ ಸದ್ದು ಎಲ್ಲಿಂದ?

ಹಳೇ ಯೆಜ್ಡಿ ತರುವವರಲ್ಲಿ ಜಾಸ್ತಿ ಜನರ ಮಾತು ಒಂದೇ: "ಟ್ಯಾಪೆಟ್ ಸೌಂಡ್ ಬರ್ತಿದೆ, ಸ್ವಲ್ಪ ಟೈಟ್ ಮಾಡಿಕೊಡಿ." ಬುಲೆಟ್ ಆದರೆ ಸರಿ, ಅದರಲ್ಲಿ ವಾಲ್ವ್ ಇದೆ, ವಾಲ್ವನ್ನು ತಳ್ಳುವ ಟ್ಯಾಪೆಟ್ ಇದೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ 250ಗಳು ಟೂ ಸ್ಟ್ರೋಕ್ ಗಾಡಿಗಳು. ವಾಲ್ವ್ ಇಲ್ಲ, ಅದನ್ನು ಎತ್ತುವ ಕ್ಯಾಮ್ ಇಲ್ಲ, ಟೈಟ್ ಮಾಡಲು ಏನೂ ಇಲ್ಲ.

ಸದ್ದು ಮಾಡಬಲ್ಲ ಭಾಗಗಳು ಕೆಲವೇ. ಪಿಸ್ಟನ್ ಮತ್ತು ಅದರ ಪಿನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಬೇರಿಂಗ್, ಎಡಗಡೆ ಪ್ರೈಮರಿ ಚೈನ್ ಮತ್ತು ಕ್ಲಚ್, ಬಲಗಡೆ ಡೈನಮೊ. ಇವುಗಳಲ್ಲಿ ಯಾವುದು ಅಂತ ಬಿಚ್ಚುವ ಮೊದಲೇ ಬಹುಪಾಲು ಗೊತ್ತಾಗುತ್ತದೆ. ಸದ್ದು ಹೇಗಿದೆ ಅಂತ ಕೇಳಿದರೆ ಒಬ್ಬರು ಟಕಟಕ ಅಂತಾರೆ, ಇನ್ನೊಬ್ಬರು ಕಟಕಟ ಅಂತಾರೆ. ಯಾವಾಗ ಬರುತ್ತದೆ ಅಂತ ಕೇಳಿ. ಅದು ಕೆಲಸಕ್ಕೆ ಬರುತ್ತದೆ.

ಮೊದಲು ಸೈಲೆನ್ಸರ್ ನಟ್, ಎಂಜಿನ್ ಬೋಲ್ಟ್, ಹೆಡ್ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಸುಮ್ನೆ ಎಂಜಿನ್ ಇಳಿಸುವ ಖರ್ಚು ಎಷ್ಟೋ ಸಲ ಇಲ್ಲೇ ಉಳಿಯುತ್ತದೆ.

ಆಮೇಲೆ ಸ್ಲೋ ಸ್ಪೀಡಿನಲ್ಲಿ ಬಿಟ್ಟು ಕ್ಲಚ್ ಹಿಡಿಯಿರಿ. ಸದ್ದು ಬದಲಾದರೆ ತೊಂದರೆ ಎಡಗಡೆ ಇದೆ. ಕಿಕ್ಕರ್ ಆಗಿಯೂ ದುಡಿಯುವ ಆ ಗೇರ್ ಲಿವರ್ ತೆಗೆದು, ಆಯಿಲ್ ಇಳಿಸಿ, ಕವರ್ ಬಿಚ್ಚಿ ಚೈನನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಜೋತುಬಿದ್ದಿದ್ದರೆ ಹೊಸದು ಹಾಕಬೇಕು, ಸ್ಪ್ರಾಕೆಟ್ ಹಲ್ಲುಗಳನ್ನೂ ಆಗಲೇ ನೋಡಿ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸದ್ದು ಜಾಸ್ತಿ, ಬಿಸಿಯಾದ ಮೇಲೆ ಕಮ್ಮಿ ಆಗುತ್ತದಾ? ಅದು ಪಿಸ್ಟನ್ ಬೋರಿಗೆ, ಅಂದರೆ ಬ್ಯಾರೆಲ್ಲಿನ ಒಳಗೋಡೆಗೆ, ಬಡಿಯುವುದು. ಪಿಸ್ಟನ್ ಅಲ್ಯೂಮಿನಿಯಂ, ಬ್ಯಾರೆಲ್ ಬೀಡುಕಬ್ಬಿಣ. ಬಿಸಿಗೆ ಪಿಸ್ಟನ್ ಹೆಚ್ಚು ಹಿಗ್ಗುತ್ತದೆ, ಸಂದು ಕಿರಿದಾಗುತ್ತದೆ, ಸದ್ದು ಅಡಗುತ್ತದೆ. ಪಿಕಪ್ ಚೆನ್ನಾಗಿದ್ದು ಎರಡು ಕಿಲೋಮೀಟರಿನಲ್ಲಿ ಸದ್ದು ಹೋಗುವುದಾದರೆ ಹಾಗೇ ಓಡಿಸಿ ಅಂತಲೇ ನಾನು ಹೇಳೋದು. ಮೂಲ ಬೋರ್ 65 ಮಿ.ಮೀ. ಒಂದೊಂದು ಸಲ ಬೋರ್ ಮಾಡಿಸಿದಾಗಲೂ, ಅಂದರೆ ಒಳಗೋಡೆ ಕೊರೆದು ಅಗಲ ಮಾಡಿಸಿದಾಗಲೂ, ಬ್ಯಾರೆಲ್ಲಿನ ಆಯಸ್ಸು ಅಷ್ಟು ತಿಂದ ಹಾಗೆ, ಮತ್ತೆ ಒಳ್ಳೆಯ ಹಳೇ ಬ್ಯಾರೆಲ್ ಹುಡುಕೋದು ಸುಲಭ ಅಲ್ಲ. ಮಾಡಿಸಲೇಬೇಕಾದರೆ ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ. ಡಬ್ಬಿ ಮೇಲಿನ ಅಳತೆ ನಂಬಬೇಡಿ.

ಬಿಸಿಯಾದರೂ ಹೋಗದ, ಹರಿತವಾದ ಸದ್ದಾದರೆ ಪಿಸ್ಟನ್ ಪಿನ್ ಮತ್ತು ಆ ಪಿನ್ ಕೂರುವ ಸ್ಮಾಲ್ ಎಂಡ್ ಬುಷ್ (ಕನೆಕ್ಟಿಂಗ್ ರಾಡಿನ ಮೇಲಿನ ತುದಿಯದು) ಮೇಲೆ ಅನುಮಾನ. ಬುಷ್ ಬದಲಿಸಿ, ಪಿನ್ನಿನ ಅಳತೆಗೆ ಸವರಿ (ರೀಮ್ ಮಾಡಿ) ಕೂರಿಸಿದರೆ ಮುಗೀತು.

ಏರು ಹತ್ತುವಾಗ ಟಾಪ್ ಗೇರಿನಲ್ಲಿ ಮಾತ್ರ ತಗಡಿನ ಮೇಲೆ ಗೋಲಿ ಉದುರಿದ ಹಾಗೆ ಕೇಳಿಸಿದರೆ ಯಾವ ಭಾಗವೂ ಸವೆದಿಲ್ಲ. ಟೈಮಿಂಗ್ ಮುಂದಾಗಿದೆ, ಅಂದರೆ ಕಿಡಿ ಬೇಗ ಹಾರುತ್ತಿದೆ, ಇಲ್ಲವೇ ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದೆ.

ಎಲ್ಲರಿಗೂ ಭಯ ಇರೋದು ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ತುದಿಯ ಬೇರಿಂಗ್ ಬಗ್ಗೆ. ಆಕ್ಸಿಲರೇಟರ್ ಕೊಟ್ಟ ತಕ್ಷಣ ತಳದಿಂದ ಮಂದವಾದ ಬಡಿತ ಬರುತ್ತದೆ, ಫುಟ್‌ರೆಸ್ಟಿನಲ್ಲಿ ಕಾಲಿಗೂ ತಾಗುತ್ತದೆ. ಆದರೆ ಕ್ರ್ಯಾಂಕ್ ತುದಿಗೆ ಕೂತ ಡೈನಮೊ ಆರ್ಮೇಚರ್ (ಡೈನಮೊದ ತಿರುಗುವ ಭಾಗ) ಸಡಿಲವಾದರೂ ಹೆಚ್ಚುಕಮ್ಮಿ ಇದೇ ಬಡಿತ! ಹಾಗಾಗಿ ಮೊದಲು ಬಲಗಡೆ ಕವರ್ ತೆಗೆದು ಆರ್ಮೇಚರ್ ಬೋಲ್ಟ್ ನೋಡಿ. ಆರ್ಮೇಚರ್ ಮೈಮೇಲೆ ಉಜ್ಜಿ ಹೊಳೆಯುವ ಗುರುತಿದ್ದರೆ ಮೇನ್ ಬೇರಿಂಗ್ (ಕ್ರ್ಯಾಂಕ್ ಕೂರುವ ಬೇರಿಂಗ್) ಸವೆದು ಅದು ಫೀಲ್ಡ್ ಕಾಯಿಲಿಗೆ ತಾಗುತ್ತಿರಬಹುದು.

ಅಲ್ಲಿ ಎಲ್ಲ ಸರಿ ಇದ್ದರೆ ಮಾತ್ರ ಬ್ಯಾರೆಲ್ ಎತ್ತಿ. ಕನೆಕ್ಟಿಂಗ್ ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಅದು ಇರಲೇಬೇಕು. ಮೇಲೆ ಕೆಳಗೆ ಚೂರು ಆಡಿದರೂ ರಾಡ್ ಕಿಟ್ (ಹೊಸ ಕನೆಕ್ಟಿಂಗ್ ರಾಡ್, ಅದರ ಪಿನ್ ಮತ್ತು ಬೇರಿಂಗ್) ಹಾಕಬೇಕು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂರಿಸಿ, ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಸುತ್ತಿಗೆ ಮತ್ತು ಕಣ್ಣಂದಾಜಿನಲ್ಲಿ ಮಾಡುವವರ ಹತ್ತಿರ ಕೊಡಬೇಡಿ. ಬೇರಿಂಗ್, ಆಯಿಲ್ ಸೀಲ್ ಅದೇ ಸಲಕ್ಕೆ ಬದಲಿಸಿ, ಎಂಜಿನ್ ಹೇಗೂ ಬಿಚ್ಚಿರುತ್ತದಲ್ವಾ.

ಹೊಸ ಬಿಗ್ ಎಂಡ್‌ಗೆ ಎಣ್ಣೆ ಸಿಗೋದು ಪೆಟ್ರೋಲಿನಲ್ಲಿ ಬೆರೆಸಿದ್ದರಿಂದ ಮಾತ್ರ. ಗೇರ್‌ಬಾಕ್ಸಿನ ಆಯಿಲ್ ಅಲ್ಲಿಗೆ ಹೋಗುವುದಿಲ್ಲ. ಲೀಟರಿಗೆ 40 ಎಂ.ಎಲ್. ಟೂಟಿ (2T, ಅಂದರೆ ಟೂ ಸ್ಟ್ರೋಕ್) ಆಯಿಲ್ ಹಾಕಿ, ಹೊಗೆ ಕಮ್ಮಿಯಾಗಲಿ ಅಂತ ಅದನ್ನು ಅರ್ಧ ಮಾಡಬೇಡಿ.