ಕೆರೆಪಾಕುಪಾಯ್ ಮೆರು: ಏಂಜೆಲ್ ಜಲಪಾತದ ಮೊದಲ ಹೆಸರು ಎಲ್ಲಿ ಹೋಯಿತು?

ವೆನೆಜುವೆಲಾದ ಬೊಲಿವರ್ ರಾಜ್ಯದಲ್ಲಿ, ಔಯಾನ್ ತೆಪುಯಿ ಎಂಬ ಚಪ್ಪಟೆ ನೆತ್ತಿಯ ಬೆಟ್ಟದಿಂದ ಧುಮುಕುವ ಜಗತ್ತಿನ ಅತಿ ಎತ್ತರದ ಜಲಪಾತವನ್ನು ನಾವೆಲ್ಲ ಶಾಲೆಯಲ್ಲಿ ‘ಏಂಜೆಲ್’ ಎಂದೇ ಬಾಯಿಪಾಠ ಮಾಡಿದವರು. ಅದರ ಒಟ್ಟು ಎತ್ತರ 979 ಮೀಟರ್. ತಡೆಯಿಲ್ಲದೆ ಒಂದೇ ನೆಗೆತಕ್ಕೆ ಬೀಳುವ ಭಾಗವೇ 807 ಮೀಟರ್, ಅಂದರೆ ನಮ್ಮ ಜೋಗದ 253 ಮೀಟರಿನ ಮೂರು ಪಟ್ಟಿಗೂ ಮಿಗಿಲು. ಮಳೆ ಕಡಿಮೆಯಾದ ತಿಂಗಳುಗಳಲ್ಲಿ ನೀರಿನ ಬಹುಪಾಲು ನೆಲ ಮುಟ್ಟುವ ಮೊದಲೇ ಹನಿಯೊಡೆದು ಮಂಜಾಗಿ ತೇಲಿಹೋಗುತ್ತದೆ. ಇದಕ್ಕೆ ಏಂಜೆಲ್ ಅಲ್ಲದೆ ಚುರುನ್ ಮೆರು, ಕೆರೆಪಾಕುಪಾಯ್ ಮೆರು, ಪರೆಕುಪಾ ವೆನಾ ಎಂಬ ಹೆಸರುಗಳೂ ಬಳಕೆಯಲ್ಲಿದ್ದು, ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾವುದು ಯಾರದು ಎಂಬುದು ಸುದ್ದಿಗಳನ್ನಷ್ಟೇ ಓದುವವರಿಗೆ ತಿಳಿಯದಷ್ಟು ಸಿಕ್ಕುಗಟ್ಟಿದೆ.

ಆ ನೆಲ ಪೆಮೋನ್ ಜನರದು. ಕರೀಬ್ ಎಂಬ ದಕ್ಷಿಣ ಅಮೆರಿಕದ ಭಾಷಾ ಬಳಗಕ್ಕೆ ಸೇರಿದ ಅವರ ಭಾಷೆಯಲ್ಲಿ ‘ತೆಪುಯಿ’ ಎಂದರೆ ಬೆಟ್ಟ, ‘ಮೆರು’ ಎಂದರೆ ನಮ್ಮ ಮಲೆನಾಡಿನವರು ಹೇಳುವ ಅಬ್ಬಿ. ಹಾಗಾಗಿ ‘ಕೆರೆಪಾಕುಪಾಯ್ ಮೆರು ಜಲಪಾತ’ ಎಂದು ಬರೆದರೆ ಮಡಿಕೇರಿಯ ಅಬ್ಬಿಯನ್ನು ‘ಅಬ್ಬಿ ಜಲಪಾತ’ ಎಂದ ಹಾಗೆ, ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ. ಕೆರೆಪಾಕುಪಾಯ್ ಮೆರು ಎಂಬುದಕ್ಕೆ ‘ಅತ್ಯಂತ ಆಳದ ಜಾಗದ ಅಬ್ಬಿ’ ಎಂದೂ, ಪರೆಕುಪಾ ವೆನಾ ಎಂಬುದಕ್ಕೆ ‘ಅತ್ಯಂತ ಎತ್ತರದಿಂದ ಬೀಳುವ ನೀರು’ ಎಂದೂ ಅರ್ಥ ಹೇಳುತ್ತಾರೆ. ಒಂದು ಹೆಸರು ಕಣಿವೆಯ ತಳವನ್ನು ನೋಡಿ ಇಟ್ಟದ್ದು, ಇನ್ನೊಂದು ಬೆಟ್ಟದ ಅಂಚನ್ನು ನೋಡಿ ಇಟ್ಟದ್ದು ಎಂದು ನನಗೆ ಅನಿಸುತ್ತದೆ. ಎರಡರಲ್ಲಿಯೂ ಆ ಜಾಗವನ್ನು ನಿಂತು ನೋಡಿದವರ ಕಣ್ಣು ಇದೆ.

ಏಂಜೆಲ್ ಎಂಬುದು ದೇವದೂತನ ಹೆಸರಲ್ಲ, ಒಬ್ಬ ವಿಮಾನ ಚಾಲಕರ ಮನೆತನದ ಹೆಸರು. ಅಮೆರಿಕದ ಮಿಸೌರಿಯಲ್ಲಿ 1899ರಲ್ಲಿ ಹುಟ್ಟಿದ ಜಿಮ್ಮಿ ಏಂಜೆಲ್ ಅಲ್ಲಿಗೆ ಹೋದದ್ದು ಜಲಪಾತವನ್ನು ಹುಡುಕಿಕೊಂಡಲ್ಲ, ಚಿನ್ನವನ್ನು ಹುಡುಕಿಕೊಂಡು. ಸ್ಪೇನಿನ ಅನ್ವೇಷಕ ಫೆಲಿಕ್ಸ್ ಕಾರ್ಡೋನಾ ಅದಕ್ಕೂ ಮೊದಲೇ, 1927ರಲ್ಲಿ, ಆ ಬೆಟ್ಟದ ಸುತ್ತಮುತ್ತ ತಿರುಗಾಡಿದ್ದರು. ಏಂಜೆಲ್ 1933ರ ನವೆಂಬರಿನಲ್ಲಿ ವಿಮಾನದಿಂದ ಜಲಪಾತವನ್ನು ಕಂಡರು. 1937ರ ಅಕ್ಟೋಬರ್ 9ರಂದು, ಪತ್ನಿ ಮೇರಿ, ಗುಸ್ತಾವೊ ಹೆನಿ ಮತ್ತು ಮಿಗೆಲ್ ಡೆಲ್ಗಾಡೊ ಅವರೊಂದಿಗೆ ‘ಎಲ್ ರಿಯೊ ಕರೋನಿ’ ಎಂಬ ತಮ್ಮ ವಿಮಾನವನ್ನು ಬೆಟ್ಟದ ನೆತ್ತಿಯ ಮೇಲೆಯೇ ಇಳಿಸಿದರು. ಮೇಲಿನಿಂದ ಗಟ್ಟಿ ನೆಲದಂತೆ ಕಂಡದ್ದು ಜೌಗು. ಚಕ್ರಗಳು ಕೆಸರಿನಲ್ಲಿ ಹೂತು ವಿಮಾನ ಮತ್ತೆ ಏಳಲಿಲ್ಲ. ನಾಲ್ವರೂ ಬದುಕಿದರು, ಹನ್ನೊಂದು ದಿನ ನಡೆದು, ಕಡಿದಾದ ಬಂಡೆಗಳನ್ನು ಇಳಿದು, ಪೆಮೋನರ ಊರಾದ ಕಮರಾಟವನ್ನು ಮುಟ್ಟಿದರು. ಇದು ನಿಜಕ್ಕೂ ದಿಟ್ಟತನದ ಕಥೆ, ಪತ್ರಿಕೆಗಳು ಅದನ್ನು ಎತ್ತಿಕೊಂಡದ್ದರಲ್ಲಿ ಆಶ್ಚರ್ಯವೂ ಇಲ್ಲ. ಆ ವಿಮಾನ 33 ವರ್ಷ ಬೆಟ್ಟದ ಮೇಲೆಯೇ ಮಳೆಗೆ ನೆನೆಯುತ್ತ ಬಿದ್ದಿತ್ತು. 1970ರಲ್ಲಿ ಹೆಲಿಕಾಪ್ಟರ್ ಮೂಲಕ ಅದನ್ನು ಕೆಳಗಿಳಿಸಿದರು. ಈಗ ಅದು ಸಿಯುದಾದ್ ಬೊಲಿವರ್ ವಿಮಾನ ನಿಲ್ದಾಣದ ಮುಂದೆ ನಿಂತಿದೆ.

ಹೆಸರು ಬದಲಾದದ್ದು ಬೆಟ್ಟದ ಮೇಲೆ ಅಲ್ಲ, ಕಾಗದದ ಮೇಲೆ. 1939ರ ಹೊತ್ತಿಗೆ ಸರ್ಕಾರಿ ನಕ್ಷೆಯಲ್ಲಿ ‘ಸಾಲ್ತೊ ದೆಲ್ ಆಂಹೆಲ್’ ಎಂಬ ಸ್ಪ್ಯಾನಿಷ್ ಹೆಸರು ಕಾಣಿಸಿಕೊಂಡಿತು. 1949ರಲ್ಲಿ ಅಮೆರಿಕದ ಪತ್ರಕರ್ತೆ ರೂತ್ ರಾಬರ್ಟ್‌ಸನ್ ಅವರ ತಂಡ ಕಣಿವೆಯೊಳಗೆ ಹೋಗಿ ಎತ್ತರವನ್ನು ಅಳೆದು 979 ಮೀಟರ್ ಎಂದಿತು. ಆ ಅಂಕಿ ‘ಏಂಜೆಲ್’ ಎಂಬ ಹೆಸರಿನೊಂದಿಗೇ ಜಗತ್ತಿನ ಪಠ್ಯಪುಸ್ತಕಗಳಿಗೆ ಹೋಯಿತು. 1946ರಲ್ಲಿ ಕಾಲ್ನಡಿಗೆಯಲ್ಲಿ ಜಲಪಾತದ ಬುಡ ತಲುಪಿದ ಲಾಟ್ವಿಯಾದ ಅಲೆಕ್ಸಾಂದ್ರ್ಸ್ ಲೈಮೆ ಮುಂದೆ ಅದರ ಮೇಲಣ ಹೊಳೆಗೆ ತಮ್ಮ ನಾಡಿನ ‘ಗೌಯಾ’ ನದಿಯ ಹೆಸರನ್ನಿಟ್ಟರು. ಪೆಮೋನರಿಗೆ ಅದು ಆಗಲೇ ‘ಕೆರೆಪ್’ ಆಗಿತ್ತು. ಇವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳಲಾರೆ. ಆದರೆ ಅಳೆಯುವವರು, ಬರೆಯುವವರು, ಅಚ್ಚು ಹಾಕುವವರು ಎಲ್ಲರೂ ಹೊರಗಿನವರೇ ಆದಾಗ, ಬಾಯಿಮಾತಿನಲ್ಲಿದ್ದ ಹೆಸರು ನಕ್ಷೆಯ ಸಾಲಿಗೆ ಬರಲೇ ಇಲ್ಲ. ಜಲಪಾತವಿರುವ ಕನೈಮಾ ಪ್ರದೇಶ 1962ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಷ್ಟರಲ್ಲಿ ಏಂಜೆಲ್ ಎಂಬುದು ಅಳಿಸಲಾಗದಷ್ಟು ಬೇರು ಬಿಟ್ಟಿತ್ತು.

ಸ್ಥಳೀಯ ಹೆಸರನ್ನು ಬಳಸಬೇಕೆಂದು ಹೊರಟವರೂ ಕೆಲವೊಮ್ಮೆ ಎಡವಿದ್ದಾರೆ. ಎಷ್ಟೋ ಕಡೆ ಮೂಲ ಹೆಸರು ಎಂದು ಕೊಡುವ ಚುರುನ್ ಮೆರು, ಅದೇ ಬೆಟ್ಟದ ಬೇರೊಂದು ಜಲಪಾತದ ಹೆಸರು. ಕೆರೆಪಾಕುಪಾಯ್ ನೀರು ಚುರುನ್ ನದಿಗೆ ಸೇರುವುದರಿಂದ ಈ ತಪ್ಪು ಹುಟ್ಟಿರಬಹುದು.

ವೆನೆಜುವೆಲಾದ 1999ರ ಸಂವಿಧಾನ ಮೂಲನಿವಾಸಿಗಳ ಭಾಷೆಗಳಿಗೆ ಆ ಸಮುದಾಯಗಳ ಮಟ್ಟಿಗೆ ಅಧಿಕೃತ ಸ್ಥಾನ ಕೊಟ್ಟಿತು. ಹತ್ತು ವರ್ಷಗಳ ನಂತರ, 2009ರ ಡಿಸೆಂಬರ್ 20ರಂದು, ಆಗಿನ ಅಧ್ಯಕ್ಷ ಹ್ಯೂಗೊ ಚಾವೆಸ್ ತಮ್ಮ ವಾರದ ದೂರದರ್ಶನ ಕಾರ್ಯಕ್ರಮದಲ್ಲಿ, ಏಂಜೆಲ್ ಬರುವುದಕ್ಕೆ ಬಹಳ ಮೊದಲೇ ಅದು ಮೂಲನಿವಾಸಿಗಳದ್ದಾಗಿತ್ತು, ಆದ್ದರಿಂದ ಕೆರೆಪಾಕುಪಾಯ್ ಎಂದೇ ಕರೆಯಬೇಕು ಎಂದರು. ಹೆಸರು ಬದಲಾಯಿತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ತಾವು ಆಜ್ಞೆ ಹೊರಡಿಸುವುದಿಲ್ಲ, ಆ ಹೆಸರಿನ ಬಳಕೆಯನ್ನು ಸಮರ್ಥಿಸುತ್ತಿದ್ದೇನಷ್ಟೇ ಎಂದು ಅವರೇ ಆಮೇಲೆ ಹೇಳಿದ್ದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಮಾತು ವೆನೆಜುವೆಲಾ ಮತ್ತು ಅಮೆರಿಕ ಸರ್ಕಾರಗಳ ನಡುವಣ ಜಗಳದ ಒಂದು ಕಂತಾಗಿಬಿಟ್ಟಿತು, ಪರ ಇರುವವರು ಒಂದು ಹೆಸರನ್ನೂ ವಿರೋಧ ಇರುವವರು ಇನ್ನೊಂದನ್ನೂ ಹಿಡಿದರು. ಒಂದು ಹೆಸರು ತಲೆಮಾರುಗಳಿಂದ ಬಳಕೆಯಲ್ಲಿದೆ ಎಂಬ ಸರಳ ಸಂಗತಿಯನ್ನು ಒಪ್ಪಿಕೊಳ್ಳಲು ಯಾವ ಪಕ್ಷವನ್ನೂ ಸೇರಬೇಕಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂದಿಗೂ ಅಲ್ಲಿಗೆ ರಸ್ತೆಯಿಲ್ಲ. ಕನೈಮಾ ಹಳ್ಳಿಯವರೆಗೆ ಸಣ್ಣ ವಿಮಾನ. ಅಲ್ಲಿಂದ, ಹೊಳೆ ತುಂಬಿರುವ ಮಳೆಗಾಲದಲ್ಲಿ, ಉದ್ದನೆಯ ಮರದ ದೋಣಿಯಲ್ಲಿ ಕರ್ರಾವೊ ನದಿಯನ್ನೂ ಆಮೇಲೆ ಚುರುನ್ ನದಿಯನ್ನೂ ಏರಿ ಹೋಗಬೇಕು. ದೋಣಿ ನಡೆಸುವವರು ಪೆಮೋನರು. ದಡದಿಂದ ಕಾಡಿನ ಬೇರುಗಳ ಮೇಲೆ ಸುಮಾರು ಒಂದು ಗಂಟೆ ನಡೆದರೆ ಜಲಪಾತದ ಎದುರಿನ ಬಂಡೆ ಸಿಗುತ್ತದೆ. ಅದರ ಹೆಸರು ‘ಮಿರಾದೋರ್ ಲೈಮೆ’, ಅಂದರೆ ಸ್ಪ್ಯಾನಿಷ್‌ನಲ್ಲಿ ‘ಲೈಮೆ ನೋಟದ ತಾಣ’.