ಕೆಂಪು ಅಂದರೆ ತಪ್ಪು ಮಾಡಿದ ಕಾರ್ಖಾನೆ ಅಂತಲ್ಲ

ಊರ ಪಕ್ಕದ ಕಾರ್ಖಾನೆ ‘ಕೆಂಪು ವರ್ಗ’ದ್ದು ಅಂತ ಕೇಳಿದರೆ ಸಾಕು, ಅದು ನಿಯಮ ಮುರಿದು ಸಿಕ್ಕಿಬಿದ್ದಿದೆ ಅಂದುಕೊಳ್ಳುತ್ತೇವೆ. ಹಸಿರು ಅಂದರೆ ಭಯವಿಲ್ಲ ಅಂದುಕೊಳ್ಳುತ್ತೇವೆ. ಎರಡೂ ತಪ್ಪು. ಮಾಲಿನ್ಯದ ಲೆಕ್ಕದಲ್ಲಿ ಕೊಡುವ ನಮ್ಮ ದೇಶದ ಈ ಬಣ್ಣಗಳು ಕಾರ್ಖಾನೆ ಯಾವ ಬಗೆಯದು ಅಂತ ಹೇಳುತ್ತವೆ. ಅದು ಹೇಗೆ ನಡೆದುಕೊಳ್ಳುತ್ತಿದೆ ಅನ್ನುವುದು ಬೇರೆಯೇ ಮಾತು.

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಬಂದ ಮೇಲೆ ಕಾರ್ಖಾನೆ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕಾಯಿತು. ಎಷ್ಟು ನೀರು ಹೊರಬಿಡಬಹುದು, ಚಿಮಣಿಯಿಂದ ಎಷ್ಟು ದೂಳು ಹೋಗಬಹುದು ಅನ್ನುವ ಷರತ್ತುಗಳೆಲ್ಲ ಅದರಲ್ಲೇ ಇರುತ್ತವೆ. 2009ರಲ್ಲಿ ಕೇಂದ್ರ ಮಂಡಳಿ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯ ಎಷ್ಟಿದೆ ಅಂತ ನೂರಕ್ಕೆ ಅಂಕ ಕೊಟ್ಟಿತು. ಅಂಕ ಜಾಸ್ತಿಯಾದಷ್ಟೂ ಮಾಲಿನ್ಯ ಜಾಸ್ತಿ. 43 ಪ್ರದೇಶಗಳು 70 ದಾಟಿದವು, ನಮ್ಮ ಮಂಗಳೂರು, ಭದ್ರಾವತಿ ಕೂಡ. ಆದರೆ ಆ ಅಂಕ ಇಡೀ ಪ್ರದೇಶದ್ದು. ಚೆನ್ನಾಗಿ ನಡೆಯುವವರೂ ನಡೆಯದವರೂ ಒಂದೇ ಅಂಕದೊಳಗೆ ಸೇರಿಬಿಟ್ಟರು. 2016ರಲ್ಲಿ ಯಾವ ಬಗೆಯ ಉದ್ಯಮ ಎಷ್ಟು ಮಾಲಿನ್ಯ ಮಾಡಬಲ್ಲದು ಅಂತ ನೂರಕ್ಕೆ ಅಂಕ ಹಾಕಿ, 60 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಕೆಂಪು ಎಂದರು. ಆ ಪಟ್ಟಿಯ ಪ್ರಕಾರ ಸಕ್ಕರೆ ಕಾರ್ಖಾನೆ ಎಷ್ಟೇ ಶುದ್ಧವಾಗಿ ನಡೆದರೂ ಕೆಂಪೇ.

ನಡತೆಗೇ ಬಣ್ಣ ಕೊಟ್ಟ ದೇಶ ಇಂಡೊನೇಷ್ಯಾ. 1995ರಲ್ಲಿ ಅಲ್ಲಿ 187 ಕಾರ್ಖಾನೆಗಳನ್ನು ಅಳೆದರು. ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು ಎಂದು ಮೇಲಿನಿಂದ ಕೆಳಗೆ ಐದು ದರ್ಜೆ. ನೀಲಿ ಅಂದರೆ ಕಾನೂನು ಪಾಲಿಸಿದ್ದಾರೆ. ಚಿನ್ನ ಯಾರಿಗೂ ಸಿಗಲಿಲ್ಲ. ಹಸಿರು ಪಡೆದ ಐವರ ಹೆಸರನ್ನಷ್ಟೇ ಮೊದಲು ಹೇಳಿ, ಉಳಿದವರಿಗೆ ಸರಿಪಡಿಸಿಕೊಳ್ಳಲು ಡಿಸೆಂಬರ್‌ವರೆಗೆ ಸಮಯ ಕೊಟ್ಟರು.

ಆದರೆ ದರ್ಜೆ ನಿಂತಿರುವುದು ಅಳತೆಯ ಮೇಲೆ. ಆ ಅಳತೆ ಯಾರದು? ಇದನ್ನು ಅರಿಯಲು ಗುಜರಾತ್‌ಗೆ ಹೋಗಬೇಕು. 1996ರಲ್ಲಿ ಅಲ್ಲಿನ ಹೈಕೋರ್ಟ್ ಮೂಲಕ ಮಾಲಿನ್ಯ ಅಳೆಯಲು ಹೊರಗಿನ ಆಡಿಟರ್‌ಗಳ ವ್ಯವಸ್ಥೆ ಬಂತು. ಆಗ ಆಡಿಟರ್‌ನನ್ನು ಆರಿಸುತ್ತಿದ್ದುದು ಕಾರ್ಖಾನೆ, ಸಂಬಳ ಕೊಡುತ್ತಿದ್ದುದೂ ಕಾರ್ಖಾನೆ. ವರದಿಗಳಲ್ಲಿ ಅಳತೆಗಳು ಮಿತಿಯ ಸ್ವಲ್ಪ ಕೆಳಗೇ ಬಂದು ನಿಲ್ಲುತ್ತಿದ್ದವು, ಸಾಲು ಸಾಲಾಗಿ. 2009ರಿಂದ ಎರಡು ವರ್ಷ ಸಂಶೋಧಕರು ಅಲ್ಲಿನ ಮಂಡಳಿಯ ಜೊತೆ ಸೇರಿ ಬೇರೆ ದಾರಿ ನೋಡಿದರು. ಕೆಲವು ಕಾರ್ಖಾನೆಗಳಿಗೆ ಚೀಟಿ ಎತ್ತಿದಂತೆ ಆಡಿಟರ್‌ಗಳನ್ನು ಹಂಚಿದರು. ಸಂಬಳವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು. ಕೆಲವು ಅಳತೆಗಳನ್ನು ಇನ್ನೊಬ್ಬರು ಹೋಗಿ ಮತ್ತೆ ತೆಗೆದರು. ವರದಿಗಳು ನಿಜ ಹೇಳತೊಡಗಿದವು. ಅಷ್ಟೇ ಅಲ್ಲ, ಆ ಕಾರ್ಖಾನೆಗಳ ಹೊಗೆ, ಕೊಳೆ ನೀರೂ ಕಡಿಮೆಯಾಯಿತು. ಜಾಸ್ತಿ ಕಡಿಮೆ ಮಾಡಿದ್ದು ಮೊದಲು ಅತಿ ಹೆಚ್ಚು ಕೊಳೆ ಬಿಡುತ್ತಿದ್ದವರೇ. ಕಾನೂನಿನ ಮಿತಿ ಬದಲಾಗಿರಲಿಲ್ಲ. ಬದಲಾಗಿದ್ದು ಅಳೆಯುವವನ ಸಂಬಳ ಬರುವ ದಾರಿ.

2017ರ ಜೂನ್ 5ರಂದು ಮಹಾರಾಷ್ಟ್ರ ಕಾರ್ಖಾನೆಗಳಿಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡಲು ಶುರುಮಾಡಿತು. ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದಿತ್ತು. ಇದು ನಿಜಕ್ಕೂ ನಡತೆಯ ಅಂಕ, ಹಾಗಾಗಿ ದೊಡ್ಡ ಹೆಜ್ಜೆ. ಆದರೆ ಸ್ಟಾರ್ ಲೆಕ್ಕ ಹಾಕುತ್ತಿದ್ದುದು ಚಿಮಣಿಯ ದೂಳಿನ ಕಣಗಳಿಂದ. ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಹರಿಯುವ ನೀರು ಆ ಲೆಕ್ಕಕ್ಕೆ ಬರಲಿಲ್ಲ. ಹಳ್ಳದ ಪಕ್ಕ ಇರುವವರಿಗೆ ಬೇಕಾಗಿದ್ದು ಅದೇ ಅಲ್ವಾ?

2025ರಲ್ಲಿ ಕೇಂದ್ರ ಮಂಡಳಿ ನಮ್ಮ ಪಟ್ಟಿಗೂ ನೀಲಿ ಬಣ್ಣ ಸೇರಿಸಿತು. ಕಸ, ಕೊಳಚೆ ನಿಭಾಯಿಸುವಂಥ ಅಗತ್ಯ ಸೇವೆಗಳಿಗೆ ಅದು. ಇಂಡೊನೇಷ್ಯಾದ ನೀಲಿಯ ಅರ್ಥ ಇದಕ್ಕಿಲ್ಲ. ಇದೂ ಕೆಲಸದ ಬಗೆಯನ್ನೇ ಹೇಳುತ್ತದೆ.