ಪಿಎಚ್‌ಡಿ ಮಕ್ಕಳಿಗೆ 30 ಗಂಟೆಯ ನೀತಿಪಾಠ ಬಂದದ್ದು ಹೇಗೆ

1989ರಲ್ಲಿ ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯವನ್ನು ಅಲುಗಾಡಿಸಿತು. ಅಲ್ಲಿನ ಪ್ರಾಧ್ಯಾಪಕ ವಿಶ್ವಜಿತ್ ಗುಪ್ತಾ ಹಿಮಾಲಯದಲ್ಲಿ ಸಿಕ್ಕವೆಂದು ಬರೆದಿದ್ದ ಪಳೆಯುಳಿಕೆಗಳಲ್ಲಿ ಹಲವು ಹೊರದೇಶದವು ಎಂಬುದು ಟ್ಯಾಲೆಂಟ್ ಆರೋಪ. ಸುಮಾರು ಕಾಲು ಶತಮಾನದ ಪ್ರಬಂಧಗಳ ಮೇಲೆ ಅನುಮಾನ ಬಿತ್ತು. ಅವನ್ನು ನಂಬಿ ಹಿಮಾಲಯದ ಭೂಚರಿತ್ರೆ ಕಟ್ಟಿದವರ ಶ್ರಮವೂ ಕೆಟ್ಟಿತು. ವಿಚಾರಣೆಯಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ಮೇಲೂ ಗುಪ್ತಾ ಕೆಲಸ ಕಳೆದುಕೊಳ್ಳಲಿಲ್ಲ.

ವೈದ್ಯಕೀಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 1980ರಲ್ಲೇ ನೀತಿಸೂತ್ರ ಕೊಟ್ಟಿತ್ತು. ಉಳಿದ ವಿಷಯಗಳಲ್ಲಿ ಸಂಶೋಧನೆಯ ನೀತಿ ಕಲಿಸುವುದೆಲ್ಲವೂ ಗೈಡ್ (ಮಾರ್ಗದರ್ಶಕ ಪ್ರಾಧ್ಯಾಪಕರು) ಮೇಲೆ. ಅವರು ಕಟ್ಟುನಿಟ್ಟಾಗಿದ್ದರೆ ವಿದ್ಯಾರ್ಥಿ ಕಲಿತ, ಇಲ್ಲದಿದ್ದರೆ ಇಲ್ಲ.

ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗವೇ (ಯುಜಿಸಿ) ಪ್ರಕಟಣೆಯ ಒತ್ತಡ ಹೆಚ್ಚಿಸಿತು. 2009ರ ನಿಯಮ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕೆಂದಿತು. 2010ರಲ್ಲಿ ಅಧ್ಯಾಪಕರ ಬಡ್ತಿಗೂ ಪ್ರಕಟಣೆಗೂ ಅಂಕದ ಗಂಟು ಬಿತ್ತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕಿರಲಿಲ್ಲ. ಯುಜಿಸಿ ತಾನೇ ಒಪ್ಪಿದ ಪಟ್ಟಿಯಿಂದ 2018ರ ಮೇನಲ್ಲಿ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು.

ಅದೇ ವರ್ಷ ಕೃತಿಚೌರ್ಯ ತಡೆಯುವ ನಿಯಮ ಬಂತು. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 40 ಮೀರಿದರೆ ತಿದ್ದಿದ ಪ್ರಬಂಧ ಕೊಡಲು ಒಂದು ವರ್ಷ ತಡೆ. 60 ಮೀರಿದರೆ ನೋಂದಣಿಯೇ ರದ್ದು. ಪಾಠ ಬಂದದ್ದು ಇದರ ನಂತರ: 2019ರ ಡಿಸೆಂಬರ್‌ನಲ್ಲಿ ‘ಸಂಶೋಧನೆ ಮತ್ತು ಪ್ರಕಟಣಾ ನೈತಿಕತೆ’ ಎಂಬ 2 ಕ್ರೆಡಿಟ್, 30 ಗಂಟೆಯ ಕೋರ್ಸ್ ಪಿಎಚ್‌ಡಿಗೆ ಕಡ್ಡಾಯವಾಯಿತು.

ಶಿಕ್ಷೆ ಮೊದಲು, ಕಲಿಕೆ ಆಮೇಲೆ. ಈ ಹಿಂದುಮುಂದು ನಮಗೆ ದುಬಾರಿಯಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ. ‘ಎಷ್ಟು ಪರ್ಸೆಂಟ್ ಬಂತು?’ ಎನ್ನುವುದೇ ನೈತಿಕತೆಯ ಪ್ರಶ್ನೆಯಾಗಿಬಿಟ್ಟರೆ ಪದ ಬದಲಿಸಿ ಶೇಕಡಾವಾರು ಇಳಿಸುವುದನ್ನೇ ವಿದ್ಯಾರ್ಥಿ ಕಲಿಯುತ್ತಾನೆ. ಗುಪ್ತಾ ಪ್ರಕರಣವನ್ನೇ ನೋಡಿ. ಅಲ್ಲಿ ಪ್ರಶ್ನೆ ಇದ್ದದ್ದು ವಾಕ್ಯಗಳದ್ದಲ್ಲ, ಕಲ್ಲು ಎಲ್ಲಿ ಸಿಕ್ಕಿತೆಂಬುದು. ಅಂಥ ಸುಳ್ಳನ್ನು ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಕಂಡುಹಿಡಿಯಲಾರದು. ನಮ್ಮ ಕನ್ನಡ ವಿಭಾಗಗಳಲ್ಲೂ ಇಂಗ್ಲಿಷ್ ಪುಸ್ತಕದ ಅಧ್ಯಾಯವೊಂದನ್ನು ಕನ್ನಡಕ್ಕೆ ತಿರುಗಿಸಿ ಸ್ವಂತದ್ದೆಂದು ಸೇರಿಸಿದರೆ ಅದು ಸಾಫ್ಟ್‌ವೇರಿನ ಕಣ್ಣಿಗೆ ಬೀಳುವುದು ಕಷ್ಟ. ಮೂಲ ಓದಿರುವ ಗೈಡ್‌ಗೆ ಮಾತ್ರ ಅದು ಥಟ್ಟನೆ ತಿಳಿಯುತ್ತದೆ.

2022ರ ನಿಯಮ ಪ್ರಬಂಧ ಸಲ್ಲಿಕೆಗೆ ಮುಂಚಿನ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟು, ನೈತಿಕತೆಯ ಕೋರ್ಸನ್ನು ಉಳಿಸಿಕೊಂಡಿತು. ಆ 30 ಗಂಟೆಯಲ್ಲಿ ಒಂದಷ್ಟಾದರೂ ಕ್ಷೇತ್ರಕಾರ್ಯದ ಟಿಪ್ಪಣಿ, ಪ್ರಯೋಗದ ನೋಟ್‌ಬುಕ್, ಸಂದರ್ಶನದ ಧ್ವನಿಮುದ್ರಿಕೆಗಳನ್ನು ಗೈಡ್ ಮತ್ತು ವಿದ್ಯಾರ್ಥಿ ಒಟ್ಟಿಗೆ ಕೂತು ಪರಿಶೀಲಿಸುವುದಕ್ಕೆ ಮೀಸಲಾಗಬೇಕು. ಗೈಡ್‌ಶಿಪ್ ಕೊಡುವ ಮೊದಲು ಪ್ರಾಧ್ಯಾಪಕರಿಗೂ ಇದೇ ತರಬೇತಿ ಆಗಬೇಕು.